ಯುದ್ಧ ಬೇಡ ಎಂದವರ ಬ್ಯಾಡ್ಜುಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ಮ್ಯೂಸಿಯಂನಲ್ಲಿ ದುಡಿದವಳಲ್ಲ. ದೋಹಾದಲ್ಲಿ ಕಣ್ಣು ಕುಕ್ಕುವಂಥ ಮ್ಯೂಸಿಯಂಗಳಿವೆ. ನಮ್ಮ ಕರಾವಳಿಯ ಹುಡುಗಿಯರೂ ಈಗ ಅಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ, ಸಂತೋಷ. ಮೊನ್ನೆ ಅಂಥ ಇಬ್ಬರು ಅಲ್ ವುಕೈರಿನ ನಮ್ಮ ಫ್ಲಾಟಿಗೆ ಬಂದು, "ಆಂಟಿ, ನೀವು ಇಷ್ಟು ವರ್ಷ ಒಬ್ಬರ ಮನೆಯಲ್ಲಿ ಬ್ಯಾಡ್ಜ್ ಜೋಡಿಸ್ತಾ ಇದ್ರಂತೆ ಹೌದಾ? ಬೋರ್ ಆಗ್ಲಿಲ್ವಾ?" ಎಂದು ಕೇಳಿದರು. ಬೋರಂತೆ! ಜೀವ ಬಾಯಿಗೆ ಬಂದ ದಿನಗಳನ್ನು ಲೆಕ್ಕ ಹಾಕಿದರೆ ನನ್ನದೂ ಒಂದು ಯುದ್ಧವೇ. ನೌಕರಿ ಬಿಟ್ಟು ಆರಾಮಾಗಿ ಕಾಲು ಚಾಚಿ ಕುಳಿತಿದ್ದೇನೆ, ಹೇಳಲಿಕ್ಕೆ ಪುರುಸೊತ್ತೂ ಇದೆ. ಹಾಗಾಗಿ ಆ ಹುಡುಗಿಯರಿಗೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಪ್ರಮೀಳಾ, ಮೂಲ್ಕಿ ಕಡೆಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಹೊಟ್ಟೆಪಾಡಿಗೆ ಇಂಗ್ಲಿಷು. ಗಂಡ ಎ.ಸಿ. ಮೆಕ್ಯಾನಿಕ್. ನಾನು ಹೊಲಿಗೆ ಅಂಗಡಿಯೊಂದರಲ್ಲಿ ಯೂನಿಫಾರ್ಮ್ ಹೊಲಿಯುತ್ತಿದ್ದೆ. ಒಂದು ದಿನ ಆ ಅಂಗಡಿಗೆ ಅಬು ರಾಶಿದ್ ಬಂದರು. ಅವರು ಕತಾರಿನವರು, ನಿವೃತ್ತ ಎಂಜಿನಿಯರ್. ಕೈಯಲ್ಲಿ ಹಳೆಯ ಸೈನಿಕ ಕೋಟು, ಅದರ ಎದೆಗೆ ತುಕ್ಕು ಹಿಡಿದ ಪಿನ್ನಿನ ಬ್ಯಾಡ್ಜು. "ಬಟ್ಟೆ ಹರಿಯದೆ ಇದನ್ನು ತೆಗೆಯುತ್ತೀಯಾ?" ಎಂದರು. ನಾನು ಪಿನ್ನಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, "ನಾಳೆ ಬನ್ನಿ" ಎಂದೆ. ಮರುದಿನ ಬಂದವರು ಬ್ಯಾಡ್ಜನ್ನೂ ಒಯ್ದರು, ಒಂದು ವಾರದಲ್ಲಿ ನನ್ನನ್ನೂ ಕೆಲಸಕ್ಕೆ ಕರೆದರು. ಎಣ್ಣೆ ಬಿಟ್ಟದ್ದು ಶುದ್ಧ ತಪ್ಪು, ಬಟ್ಟೆಗೆ ಕಲೆಯಾಗುತ್ತದೆ ಎಂದು ಆಮೇಲೆ ಅವರೇ ಬೈದರು. ಆದರೆ "ನಾಳೆ ಬನ್ನಿ" ಎಂದದ್ದು ಅವರಿಗೆ ಇಷ್ಟವಾಗಿತ್ತಂತೆ. ಈ ಕೆಲಸದಲ್ಲಿ ಅವಸರ ಮಾಡುವವರನ್ನು ಅವರು ಹತ್ತಿರ ಸೇರಿಸುತ್ತಿರಲಿಲ್ಲ.

ಅಬು ರಾಶಿದ್ ಹುಡುಗರಾಗಿದ್ದಾಗ ಬೋಸ್ನಿಯಾದ ಸರಾಯೆವೊದಲ್ಲಿ ಓದಿದವರು. ಆಗ ಅದೆಲ್ಲ ಯುಗೊಸ್ಲಾವಿಯ ಎಂಬ ಒಂದೇ ದೇಶ. ಅವರು ಊರಿಗೆ ಮರಳಿದ ಎಷ್ಟೋ ವರ್ಷದ ಮೇಲೆ ಆ ದೇಶ ಒಡೆಯಿತು, ಜೊತೆಯಲ್ಲಿ ಉಂಡವರೇ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು. ಇವರು ಟಿ.ವಿ. ಮುಂದೆ ಕುಳಿತು ಅತ್ತರಂತೆ. ಆಮೇಲೆ ಆ ಯುದ್ಧಗಳ ಸಾಮಾನು ಕೂಡಿಸುವ ಹುಚ್ಚು ಹಿಡಿಯಿತು. ದೋಹಾದ ಅಬು ಹಮೂರ್ ಬಡಾವಣೆಯಲ್ಲಿದ್ದ ಅವರ ವಿಲ್ಲಾದ ಹಿಂದಿನ ಕಟ್ಟಡದಲ್ಲಿ ಹೆಲ್ಮೆಟ್ಟು, ಕೋಟು, ಬೆಲ್ಟು, ನೀರಿನ ಬಾಟಲಿ ಎಲ್ಲ ಇದ್ದವು. ಆದರೆ ಅವರ ಜೀವ ಇದ್ದದ್ದು ಬ್ಯಾಡ್ಜುಗಳಲ್ಲಿ. ಅದೂ ಯುದ್ಧ ಬೇಡ ಎಂದು ಬೀದಿಗಿಳಿದವರು ಎದೆಗೆ ಚುಚ್ಚಿಕೊಂಡ ಬ್ಯಾಡ್ಜುಗಳಲ್ಲಿ. ಬಾಂಬು ಬೀಳುವಾಗ ಸೇತುವೆಯ ಮೇಲೆ ನಿಂತವರು ಧರಿಸಿದ ಗುರಿಹಲಗೆಯ ಚಿತ್ರ, ಸೈನ್ಯಕ್ಕೆ ಹೋಗೆನೆಂದ ಹುಡುಗರ ತಗಡಿನ ಬಿಲ್ಲೆ, ಹೀಗೆ. "ಹೆಲ್ಮೆಟ್ ಸರಕಾರ ಕೊಡುತ್ತದೆ ಪ್ರಮೀಳಾ. ಬ್ಯಾಡ್ಜನ್ನು ಮನುಷ್ಯ ತಾನೇ ಮಾಡಿಕೊಳ್ಳಬೇಕು" ಎನ್ನುತ್ತಿದ್ದರು. ಒಂದು ಪಕ್ಷದ ವಸ್ತು ಮಾತ್ರ ಇಟ್ಟರೆ ಅದು ಸಂಗ್ರಹವಲ್ಲ, ಜಗಳ ಎಂಬುದೂ ಅವರದೇ ಮಾತು. ಎಲ್ಲರದ್ದೂ ಇರಬೇಕಿತ್ತು, ಒಂದೇ ಮೇಜಿನ ಮೇಲೆ.

ಮನುಷ್ಯ ಒಳ್ಳೆಯವರು, ಬಾಯಿ ಮಾತ್ರ ಹಸಿಮೆಣಸು. ಅವರ ದೊಡ್ಡ ಶಾಸ್ತ್ರ ಕೈಗವಸು. ಗ್ಲೌಸಿಲ್ಲದೆ ಒಂದು ಗುಂಡಿ ಮುಟ್ಟಿದರೂ ಆ ದಿನ ನಮ್ಮ ಕಥೆ ಖಲಾಸ್. ಬೆವರಿನ ಉಪ್ಪು ಲೋಹವನ್ನು ತಿನ್ನುತ್ತದೆ, ಅದು ಸತ್ಯವೇ. ಆದರೆ ಚಹಾ ಕುಡಿಯುವಾಗಲೂ ನಮ್ಮ ಕೈ ನೋಡುತ್ತಿದ್ದರೆ ಯಾರಿಗಾದರೂ ಸಿಟ್ಟು ಬರುವುದಿಲ್ಲವೇ?

ನಾನು ಸೇರಿದಾಗ ಬ್ಯಾಡ್ಜುಗಳೆಲ್ಲ ಪ್ಲಾಸ್ಟಿಕ್ ಜೇಬುಗಳ ಆಲ್ಬಮ್ಮಿನಲ್ಲಿದ್ದವು. ನೋಡಲು ಚಂದ. ಒಂದು ಬೇಸಿಗೆಯಲ್ಲಿ ನಾವೆಲ್ಲ ರಜೆಯಲ್ಲಿದ್ದಾಗ ಎ.ಸಿ. ಕೈಕೊಟ್ಟಿತು. ಬಂದು ಬಾಗಿಲು ತೆರೆದರೆ ಪ್ಲಾಸ್ಟಿಕ್ಕು ಬೆವರಿ ಅಂಟಾಗಿ, ಬಣ್ಣವೆಲ್ಲ ಅದಕ್ಕೆ ಕಚ್ಚಿಕೊಂಡಿತ್ತು. ಒಂದೊಂದನ್ನೇ ಬಿಡಿಸುವಾಗ ಹಲಸಿನಹಣ್ಣಿನ ಮೇಣದಲ್ಲಿ ಕೈ ಹಾಕಿದಂತೆ ಆಗುತ್ತಿತ್ತು. ಅಂದಿನಿಂದ ಆಲ್ಬಮ್ಮಿಗೆ ನಮಸ್ಕಾರ ಹೊಡೆದು, ಮೆತ್ತನೆಯ ಬಿಳಿ ಫೋಮನ್ನು ಕೊರೆದು ಪ್ರತಿಯೊಂದಕ್ಕೂ ಅದರದ್ದೇ ಅಳತೆಯ ಗೂಡು ಮಾಡುವ ಪದ್ಧತಿ ಬಂತು. ಆ ಗೂಡು ಕೊರೆಯಲಿಕ್ಕೆಂದೇ ಸುಧಾಕರ ಬಂದ. ಕುಂದಾಪುರದ ಕಡೆಯ ಆಚಾರಿ, ಮರಗೆಲಸದಲ್ಲಿ ಎತ್ತಿದ ಕೈ, ಮಾತಿನಲ್ಲಿ ಮಹಾ ಪುಕ್ಕಲ. ಅಬು ರಾಶಿದರನ್ನು ಅರ್ಬಾಬ್, ಅಂದರೆ ಧಣಿ, ಎಂದೇ ಕರೆಯುತ್ತಿದ್ದ; ಅವರು ಕೆಮ್ಮಿದರೂ ತನಗೇ ಬೈದರೆಂದು ಎದ್ದು ನಿಲ್ಲುತ್ತಿದ್ದ.

ಇನ್ನೊಬ್ಬರು ಹಮೀದಾಕ, ಉಳ್ಳಾಲದ ಬ್ಯಾರಿ, ಪಾರ್ಸೆಲ್ ಬಿಡಿಸಿ ತರುವ ಜವಾಬ್ದಾರಿಯವರು. ಒಮ್ಮೆ ಬೆಲ್‌ಗ್ರೇಡಿನ ವ್ಯಾಪಾರಿಯೊಬ್ಬ ನಾವು ಕೊಂಡ ಬ್ಯಾಡ್ಜುಗಳ ಜೊತೆ ಪ್ರೀತಿಯಿಂದ ಒಂದು ಉಡುಗೊರೆ ಇಟ್ಟು ಕಳಿಸಿದ. ಕಸ್ಟಮ್ಸ್ ಯಂತ್ರದಲ್ಲಿ ಅದು ಕೈಬಾಂಬಿನ ಹಾಗೆ ಕಂಡಿತು. ಹಮೀದಾಕನನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಅವರು ನನಗೆ ಫೋನ್ ಮಾಡಿ, "ಪ್ರಮೀಳಾ, ನಾನು ಇನ್ನು ಹೊರಗೆ ಬರುವುದಿಲ್ಲ, ನನ್ನ ಹೆಂಡತಿಗೆ ನೀನೇ ಹೇಳು ಮಾರಾಯ್ತಿ" ಎಂದು ಅತ್ತರು. ನಾನು ದೇವರಿಗೆಲ್ಲ ಹರಕೆ ಹೊತ್ತೆ. ಕೊನೆಗೆ ಪೆಟ್ಟಿಗೆ ಒಡೆದು ನೋಡಿದರೆ ಸಿಗರೇಟು ಹಚ್ಚುವ ಲೈಟರು! ಕೈಬಾಂಬಿನ ಆಕಾರದ್ದು. ಅಧಿಕಾರಿಯೇ ನಕ್ಕು, "ಯಲ್ಲಾ, ಹೋಗು" ಎಂದನಂತೆ. ಹಮೀದಾಕ ಹೊರಗೆ ಬಂದು ಬಿಸಿಲಿನಲ್ಲಿ ನಿಂತು ಆ ದಿನ ಬೀಡಿ ಸೇದುವುದನ್ನೇ ಬಿಟ್ಟರು. ಹುಡುಗಿಯರೇ, ವ್ಯಾಪಾರಿಗೆ ಮೊದಲೇ ಹೇಳಿಡಿ: ಉಡುಗೊರೆ ಮಾಫಿ, ಅಂದರೆ ಬೇಡವೇ ಬೇಡ.

ಇಂಥದ್ದು ಎಷ್ಟೋ ಇವೆ. ಹೊಸದಾಗಿ ಮಾಡಿ ಚಹಾದ ನೀರಿನಲ್ಲಿ ಅದ್ದಿ ಹಳತೆಂದು ಮಾರಿದ ಬ್ಯಾಡ್ಜನ್ನು ಅಬು ರಾಶಿದ್ ಮೂಸಿ ನೋಡಿ, "ಏಲಕ್ಕಿ ಹಾಕಿದ್ದಾರೆ" ಎಂದದ್ದೂ ಉಂಟು. ಅದೆಲ್ಲ ಬಿಡಿ. ನಾನು ಹೇಳಲೇಬೇಕಾದ ಸಂಗತಿ ಕೊನೆಯ ವರ್ಷದ್ದು.

ಅಮ್ರಾ ಎಂಬ ಬೋಸ್ನಿಯಾದ ಹೆಂಗಸು ದೋಹಾದಲ್ಲಿ ಫಿಸಿಯೊಥೆರಪಿ ಮಾಡುತ್ತಾಳೆ. ಅಬು ರಾಶಿದರ ಮಂಡಿನೋವಿಗೆ ಅವಳದೇ ಉಪಚಾರ. ಮಂಡಿ ತಿಕ್ಕಿಸಿಕೊಳ್ಳುತ್ತ ಇವರು ಅವಳ ಜೊತೆ ಅವಳ ಭಾಷೆಯಲ್ಲೇ ಹರಟುತ್ತಿದ್ದರು. ಆ ವರ್ಷ ಲುಸೈಲಿನ ಒಂದು ಸಣ್ಣ ಹಾಲಿನಲ್ಲಿ ನಮ್ಮ ಬ್ಯಾಡ್ಜುಗಳನ್ನು ಶಾಲೆಯ ಮಕ್ಕಳಿಗೆ ತೋರಿಸುವುದೆಂದು ನಿಶ್ಚಯವಾಗಿತ್ತು. ಅದನ್ನು ಕೇಳಿ ಅಮ್ರಾ ತನ್ನ ಅಣ್ಣನ ಬ್ಯಾಡ್ಜನ್ನೂ ಇಡಲು ಕೊಡುತ್ತೇನೆ ಎಂದಳು.

ಆ ಬ್ಯಾಡ್ಜು ಮಾಡಿದವಳು ಅವಳೇ. ಆಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಸರಾಯೆವೊದಲ್ಲಿ ಯುದ್ಧ ಇನ್ನೇನು ಶುರುವಾಗುತ್ತದೆ ಎನ್ನುವಾಗ ಜನ ಬೇಡ ಬೇಡ ಎಂದು ಬೀದಿಗೆ ಬಂದರು. ಅಣ್ಣನೂ ಹೊರಟ. ತಂಗಿ ಡಬ್ಬಿಯ ಮುಚ್ಚಳಕ್ಕೆ ಅಚ್ಚ ಬಿಳಿ ಬಟ್ಟೆ ಹೊಲಿದು, ಅದರ ಮೇಲೆ ಒಂದು ಹಿಡಿಯಿಲ್ಲದ ಕಾಫಿ ಲೋಟದ ಕಸೂತಿ ಹಾಕಿ, "ಮೊದಲು ಕಾಫಿ ಕುಡಿಯೋಣ" ಎಂದು ಬರೆದು ಅವನ ಕೋಟಿಗೆ ಚುಚ್ಚಿದಳು. ಜಗಳವಾಡುವ ಮೊದಲು ಕೂತು ಮಾತಾಡೋಣ ಎಂದರ್ಥ. ಕೆಲವು ವಾರಗಳ ಮೇಲೆ, ಊರಿಗೆ ಮುತ್ತಿಗೆ ಬಿದ್ದಾಗ, ಅಣ್ಣ ನೀರು ತರಲು ಹೋದವನು ಗುಂಡೇಟಿಗೆ ಸತ್ತ. ಆ ಹೊತ್ತಿಗೆ ಅಮ್ರಾಳನ್ನು ನೆಂಟರ ಜೊತೆ ಹೊರದೇಶಕ್ಕೆ ಕಳಿಸಿ ಆಗಿತ್ತು.

ಅವಳಿಗೆ ಹಿಡಿದದ್ದು ಒಂದೇ ಭಯ. ಆ ಬಿಳಿ ವೃತ್ತ ದೂರದಿಂದ ಕಾಣುವಂಥದ್ದು. ಬಂದೂಕು ಹಿಡಿದು ಬೆಟ್ಟದ ಮೇಲೆ ಕೂತವನಿಗೆ ಗುರಿಯಿಡಲು ತಾನೇ ಗುರುತು ಹಾಕಿಕೊಟ್ಟೆನೇ? ತಾಯಿಯನ್ನು ಕೇಳಿದರೆ, "ಇಲ್ಲ ಮಗಳೇ, ಅವತ್ತು ಅವನು ಬರೀ ಸ್ವೆಟರ್ ಹಾಕಿಕೊಂಡು ಹೋದ. ಕೋಟು, ಬ್ಯಾಡ್ಜು ಎಲ್ಲ ಮನೆಯಲ್ಲೇ ಇತ್ತು" ಎನ್ನುತ್ತಿದ್ದಳು. ಅದನ್ನು ನಂಬಿಕೊಂಡೇ ಈ ಹೆಂಗಸು ಮೂವತ್ತು ವರ್ಷಕ್ಕೂ ಮೇಲೆ ಬದುಕಿದಳು. ತಾಯಿ ಬ್ಯಾಡ್ಜನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದವಳು, ನಮ್ಮ ಪ್ರದರ್ಶನಕ್ಕೆಂದು ಹಾಗೆಯೇ ಕಳಿಸಿದಳು. ಅಮ್ರಾ ಗಂಟು ಬಿಚ್ಚದೆ ತಂದು ಅಬು ರಾಶಿದರ ಕೈಗಿತ್ತು, "ನಾನು ಹೋದ ಮೇಲೆ ಬಿಚ್ಚಿ" ಎಂದಳಂತೆ.

ನಮ್ಮಲ್ಲಿ ಕಟ್ಟುನಿಟ್ಟಿನ ಕ್ರಮವಿತ್ತು. ಬಂದ ವಸ್ತುವಿನ ಫೋಟೋ ಮೊದಲು, ಉಳಿದದ್ದೆಲ್ಲ ಆಮೇಲೆ. ಫೋಟೋ ತೆಗೆಯುವವಳು ನಾನು. ಆ ವಾರ ನಾನು ಜ್ವರದಲ್ಲಿ ಚಾಪೆ ಹಿಡಿದಿದ್ದೆ. ಗಂಟು ನೇರ ಸುಧಾಕರನ ಮೇಜಿಗೆ ಹೋಯಿತು, ಗೂಡು ಕೊರೆಯಲಿಕ್ಕೆ.

ಜ್ವರ ಬಿಟ್ಟು ನಾನು ಕೆಲಸಕ್ಕೆ ಬಂದ ಗುರುವಾರ ಅಮ್ರಾ ನೋಡಲು ಬಂದಳು. ಪ್ರದರ್ಶನದ ಸಲಹೆಗೆಂದು ಯುರೋಪಿನಿಂದ ಬಂದು ವಿಲ್ಲಾದಲ್ಲೇ ಉಳಿದಿದ್ದ ಪೀಟರ್ ಎಂಬ ತಜ್ಞರೂ ಇದ್ದರು. ಗೂಡಿನಲ್ಲಿ ಬ್ಯಾಡ್ಜು ಚೊಕ್ಕವಾಗಿ ಕೂತಿತ್ತು. ಪೀಟರ್ ಭೂತಗನ್ನಡಿ ಹಿಡಿದು ಬಾಗಿ, ತಮ್ಮಷ್ಟಕ್ಕೆ ತಾವು ಹೇಳಿಕೊಂಡರು: "ಲೋಟದ ಪಕ್ಕ ಕೆಂಪು ಕಲೆ ಇದೆ. ರಕ್ತವಿರಬಹುದು. ಪರೀಕ್ಷೆ ಆಗಬೇಕು."

ತಪ್ಪೇನೂ ಹೇಳಲಿಲ್ಲ ಅವರು, ಪರೀಕ್ಷೆ ಆಗಬೇಕು ಎಂದೇ ಹೇಳಿದ್ದು. ಆದರೆ ತಂಗಿ ಪಕ್ಕದಲ್ಲೇ ನಿಂತಿದ್ದಾಳಲ್ಲ! ವಸ್ತು ಕೊಟ್ಟವರ ಮುಂದೆ ಗಟ್ಟಿಯಾಗಿ ಯೋಚಿಸಬಾರದು, ಇದನ್ನು ನೀವು ಕೈಮೇಲೆ ಹಚ್ಚೆ ಹಾಕಿಸಿಕೊಂಡರೂ ತಪ್ಪಿಲ್ಲ. ಅಮ್ರಾ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕುಳಿತಳು. ನನ್ನ ಕೈ ಹಿಡಿದು, "ಅಮ್ಮ ನನಗೆ ಸುಳ್ಳು ಹೇಳಿದಳು. ಅವನು ಹಾಕಿಕೊಂಡೇ ಹೋಗಿದ್ದ" ಎಂದಳು. ಅಳಲೂ ಇಲ್ಲ. ಎದ್ದು ಹೋದಳು. ಆ ಸಂಜೆ ನಾನು ಫೋನ್ ಮಾಡಿದರೆ, ತಾಯಿಯ ಕರೆ ಬರುತ್ತಿದೆ, ತಾನು ಎತ್ತುತ್ತಿಲ್ಲ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಆ ಕೆಂಪು ನನಗೆ ಎಲ್ಲೋ ನೋಡಿದ ಕೆಂಪು. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುವ ಕೆಂಪು. ನಾನು ಜ್ವರದಲ್ಲಿ ಮಲಗಿದ್ದ ವಾರ ಯಾವುದು ಎಂದು ಆಗ ನೆನಪಾಯಿತು. ಆಯುಧಪೂಜೆಯ ವಾರ!

ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಸುಧಾಕರ ನಮ್ಮಲ್ಲಿಗೆ ಬರುವ ವಾಡಿಕೆ. ಬಂದ. ಬಡಿಸುವ ಮೊದಲೇ ಕೇಳಿದೆ, "ಸುಧಾಕರಾ, ಆ ಕಾಫಿ ಲೋಟದ ಬ್ಯಾಡ್ಜಿಗೆ ಎಂತ ಮಾಡಿದ್ದೀ?"

ಮುಖ ಬಿಳುಚಿಕೊಂಡಿತು. "ಹ್ವಾಯ್, ಅಕ್ಕಾ... ಅವತ್ ಆಯುಧಪೂಜೆ ಅಲ್ದಾ? ಉಳಿ, ಸುತ್ಗಿ, ಡ್ರಿಲ್ಲು ಎಲ್ಲದಕ್ಕೂ ಕುಂಕುಮ ಇಟ್ಟೆ. ಅದ್ ಅಲ್ಲೇ ಮೇಜಿನ್ ಮೇಲಿತ್ತ್. ಸತ್ತ್ ಹುಡ್ಗನದ್ದ್ ಅಂದಿದ್ರ್ ಅರ್ಬಾಬ್. ಪಾಪ, ಅವನಿಗೂ ಒಂದ್ ಇರ್ಲಿ ಅಂತ..." ಉಂಗುರದ ಬೆರಳನ್ನು ಎತ್ತಿ ತೋರಿಸಿದ, ಅದೇ ಅಪರಾಧಿ ಎಂಬಂತೆ.

"ಅಯ್ಯೋ ನಿನ್ನ! ಅವರು ಅದನ್ನು ರಕ್ತ ಅಂತ ತಿಳ್ಕೊಂಡಿದ್ದಾರೆ ಮಾರಾಯಾ!" ಎಂದು ನಡೆದದ್ದನ್ನೆಲ್ಲ ಹೇಳಿದೆ. ಸಿಟ್ಟು ಬಂದಿತ್ತು, ಆದರೆ ಅದಕ್ಕಿಂತ ಹೆಚ್ಚು ಸಮಾಧಾನ. ದೇವರೇ, ಕುಂಕುಮ! ರಕ್ತ ಅಲ್ಲ!

ಸುಧಾಕರ ಮಾತ್ರ ಕೈ ಮುಗಿದ. "ಅಕ್ಕಾ, ಹೇಳ್ಬೇಡಿ. ಅವ್ರ ಮನೇಲಿ, ಅವ್ರ ಸಾಮಾನಿಗೆ ಪೂಜೆ ಮಾಡಿದೆ ಅಂದ್ರೆ ಬಿಡ್ತ್ರಾ? ಆ ಹುಡ್ಗನೂ ಮುಸ್ಲಿಂ. ಖಲಾಸ್, ಊರಿಗ್ ಕಳ್ಸ್ತ್ರ್. ಮಗ್ಳ ನರ್ಸಿಂಗ್ ಇನ್ನೂ ಮುಗೀಲಿಲ್ಲ."

ನನಗೆ ಅತ್ತ ದರಿ ಇತ್ತ ಪುಲಿ. ಹೇಳದಿದ್ದರೆ ಅಮ್ರಾ ತಾಯಿಯನ್ನು ಕಳೆದುಕೊಳ್ಳುತ್ತಾಳೆ, ಹೇಳಿದರೆ ಇವನ ಅನ್ನ ಹೋಗಬಹುದು. ಬಡಿಸಿದ ನೀರುದೋಸೆಯನ್ನು ಅವನು ಮುಟ್ಟಲಿಲ್ಲ. ತಟ್ಟೆ ಬದಿಗೆ ಸರಿಸಿ ಕೇಳಿದ, "ಆ ಹೆಂಗ್ಸಿನ ಅಮ್ಮಂಗೆ ವಯಸ್ಸಾಯ್ತಾ?"

"ಆಗದೆ ಇರ್ತದಾ? ಎಂಬತ್ತರ ಹತ್ತಿರ. ಮಗಳು ಯಾಕೆ ಫೋನ್ ಎತ್ತುವುದಿಲ್ಲ ಅಂತ ಅವರಿಗೆ ಗೊತ್ತೂ ಇಲ್ಲ."

ಸುಧಾಕರ ಎದ್ದು ಚಪ್ಪಲಿ ಮೆಟ್ಟಿದ. "ಹೋಪ ಅಕ್ಕಾ. ನಾನೇ ಹೇಳ್ತೆ. ನೀವ್ ಬದಿಗೆ ನಿಂತ್ಕಣಿ, ಸಾಕ್."

ಟ್ಯಾಕ್ಸಿ ಹಿಡಿದು ವಿಲ್ಲಾಕ್ಕೆ ಹೋದೆವು. ಅಬು ರಾಶಿದ್ ಮಜ್ಲಿಸಿನಲ್ಲಿ ಕೂತಿದ್ದರು, ಅಂದರೆ ಅವರ ಅತಿಥಿಗಳ ಕೋಣೆಯಲ್ಲಿ. ಅಮ್ರಾಳನ್ನೂ ಕರೆಸಿ ಎಂದು ನಾನು ಕೇಳಿಕೊಂಡೆ. ಅವಳು ಬಂದಳು, ಕಣ್ಣು ಕೆಂಪಾಗಿತ್ತು. ಪೀಟರೂ ಬಂದರು. ಸುಧಾಕರ ತನ್ನ ಹರಕು ಇಂಗ್ಲಿಷಿನಲ್ಲಿ, ನಡುವೆ ಹಿಂದಿ, ನಡುವೆ ಕುಂದಾಪುರದ ಕನ್ನಡ ಸೇರಿಸಿ ಹೇಳಿದ. ಎಡವಿದಲ್ಲಿ ನಾನು ತಿಳಿಸಿದೆ.

ಅಬು ರಾಶಿದ್ ಅವನನ್ನೇ ದಿಟ್ಟಿಸಿ ಗುಡುಗಿದರು: "ಗ್ಲೌಸ್ ಹಾಕಿದ್ದೆಯಾ?"

ಸುಧಾಕರ ಕಂಗಾಲಾಗಿ ನನ್ನ ಕಡೆ ತಿರುಗಿದ. "ಅಕ್ಕಾ, ಗ್ಲೌಸ್ ಹಾಕಂಡ್ ಕುಂಕುಮ ಇಡೂದ್ ಹ್ಯಾಂಗೆ?"

ಅದನ್ನು ನಾನು ಅನುವಾದಿಸಿದ್ದೇ ತಡ, ಬೈಗುಳದ ಮಳೆ. ಪೂಜೆಯ ಬಗ್ಗೆ ಒಂದೇ ಒಂದು ಮಾತಿಲ್ಲ! ಬರಿಗೈ, ಬೆವರು, ಉಪ್ಪು, ತಗಡು, ಇಷ್ಟು ವರ್ಷ ಕಲಿಸಿದ್ದೆಲ್ಲ ನೀರಿನಲ್ಲಿ ಹೋಮ, ಅದೇ. ಕೆಲಸದಿಂದ ತೆಗೆಯುವವರು ಇಷ್ಟು ಪ್ರೀತಿಯಿಂದ ಬೈಯುವುದಿಲ್ಲ ಎಂದು ಗೊತ್ತಿದ್ದ ನಾನು ಗೋಡೆಗೊರಗಿ ನಿಟ್ಟುಸಿರು ಬಿಟ್ಟೆ. ಆಮೇಲೆ ಅವರು ದನಿ ತಗ್ಗಿಸಿ, "ಆ ಪುಡಿ ಇಡುವುದರ ಅರ್ಥ ಏನು?" ಎಂದರು.

"ಮರ್ಯಾದೆ, ಅರ್ಬಾಬ್," ಎಂದ ಸುಧಾಕರ. "ಬೇರೆ ಎಂತದೂ ಇಲ್ಲ."

ಅಮ್ರಾ ಮಾತ್ರ ಇನ್ನೂ ನಂಬಿರಲಿಲ್ಲ. ತನ್ನನ್ನು ಸಮಾಧಾನಪಡಿಸಲು ಎಲ್ಲರೂ ಸೇರಿ ಕಟ್ಟಿದ ಕಥೆಯೇನೋ ಎಂಬ ಅನುಮಾನ ಅವಳ ಮುಖದಲ್ಲಿತ್ತು. ತಾಯಿಯನ್ನೇ ನಂಬದವಳು ನಮ್ಮನ್ನು ಹೇಗೆ ನಂಬಿಯಾಳು? ಪೀಟರ್ ಎದ್ದು ಎಲ್ಲರನ್ನೂ ಹಿಂದಿನ ಕಟ್ಟಡಕ್ಕೆ ಕರೆದೊಯ್ದರು. ಸುಧಾಕರನ ಸುತ್ತಿಗೆಯ ಹಿಡಿಯ ಮೇಲೆ ಕುಂಕುಮ ಇನ್ನೂ ಇತ್ತು. ಅದನ್ನೂ ಬ್ಯಾಡ್ಜನ್ನೂ ಪಕ್ಕಪಕ್ಕ ಇಟ್ಟು, ದೊಡ್ಡ ಭೂತಗನ್ನಡಿಯ ಕೆಳಗೆ ನಿಧಾನವಾಗಿ ನೋಡಿದರು. ನಾನು ಮನಸ್ಸಿನಲ್ಲೇ ಮೂಲ್ಕಿಯ ದೇವಿ ಅಮ್ಮನಿಗೆ ಕೈಮುಗಿದೆ.

"ಪುಡಿ," ಎಂದರು. "ಎರಡೂ ಒಂದೇ. ರಕ್ತವಾಗಿದ್ದರೆ ನೂಲಿನ ಒಳಗೆ ಇಳಿದು ಕಪ್ಪಾಗುತ್ತಿತ್ತು. ಇದು ಮೇಲೆ ಕೂತಿದೆ. ನೀವೇ ನೋಡಿ." ಆಮೇಲೆ ಅಮ್ರಾಳ ಎದುರು ತಲೆ ತಗ್ಗಿಸಿ, "ಅವತ್ತು ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಕ್ಷಮಿಸಿ" ಎಂದರು.

ಅಮ್ರಾ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಮತ್ತೆ ಅವಳಿಂದ ಒಂದು ಸದ್ದು ಬಂತು, ಅಳುವೋ ನಗುವೋ ತಿಳಿಯಲಿಲ್ಲ. ಗುರುವಾರ ಬಾರದ ಅಳು ಆಗ ಬಂತು. ನಾನು ತಬ್ಬಿಕೊಂಡೆ. ನನಗೂ ತಡೆಯಲಾಗಲಿಲ್ಲ. ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಅದು ಬೇರೊಬ್ಬರ ಜೀವವಾದರೂ ಅಷ್ಟೇ ಹಗುರ ಎಂದು ನನಗೆ ಆ ದಿನ ಗೊತ್ತಾಯಿತು.

ಪೀಟರ್ ಸಣ್ಣ ಕುಂಚ ತೋರಿಸಿ, "ಇದರಿಂದ ತೆಗೆದುಬಿಡಬಹುದು, ಗುರುತೂ ಉಳಿಯುವುದಿಲ್ಲ. ತೆಗೆಯಲೇ?" ಎಂದು ಕೇಳಿದರು.

"ಅಮ್ಮನನ್ನು ಕೇಳುತ್ತೇನೆ," ಎಂದು ಅಮ್ರಾ ಫೋನ್ ಹಚ್ಚಿದಳು. ಮೊದಲ ಗಂಟೆಗೇ ತಾಯಿ ಎತ್ತಿದರು. ಪರದೆಯಲ್ಲಿ ತಲೆಗೆ ವಸ್ತ್ರ ಕಟ್ಟಿದ ಬಿಳಿ ಮುಖ. ಅವರ ಮಾತು ನನಗೆ ಒಂದಕ್ಷರ ತಿಳಿಯದು. ಆದರೆ ಹಿಂದಿನ ಸಂಜೆಯಿಂದ ಫೋನ್ ಎತ್ತದ ಮಗಳಿಗೆ ತಾಯಿ ಹೇಗೆ ಬೈಯುತ್ತಾಳೆ ಎಂಬುದು ಎಲ್ಲ ಭಾಷೆಯಲ್ಲೂ ತಿಳಿಯುತ್ತದೆ. ಮಗಳು ತಲೆಯಾಡಿಸುತ್ತ, ಮೂಗು ಒರೆಸುತ್ತ ಎಲ್ಲವನ್ನೂ ಹೇಳಿದಳು. ನಂತರ ಆ ಮುದುಕಿ ಏನೋ ಕೇಳಿದರು. ಅಮ್ರಾ ಫೋನನ್ನು ಸುಧಾಕರನ ಕಡೆ ತಿರುಗಿಸಿದಳು. ಅವನು ಕಾಲು ಜೋಡಿಸಿ ನೆಟ್ಟಗೆ ನಿಂತ.

"ನಿನಗೆ ತಾಯಿ ಇದ್ದಾರಾ ಅಂತ ಕೇಳ್ತಿದ್ದಾರೆ," ಎಂದೆ ನಾನು, ಅಮ್ರಾಳ ಇಂಗ್ಲಿಷನ್ನು ಕನ್ನಡಕ್ಕೆ ತಂದು.

"ಇದ್ರ್. ಈಗ್ಳೂ ಊರಲ್ಲೇ."

ಮುದುಕಿ ನಿಧಾನವಾಗಿ ಮಾತಾಡಿದರು. ಅಮ್ರಾ ತುಂಡು ತುಂಡಾಗಿ ಹೇಳುತ್ತ ಹೋದಳು, ನಾನು ಸುಧಾಕರನಿಗೆ ಹೇಳುತ್ತ ಹೋದೆ:

"ಆ ಕೆಂಪು ಅಲ್ಲೇ ಇರಲಿ. ನನ್ನ ಮಗನನ್ನು ಮಣ್ಣು ಮಾಡುವಾಗ ಗುಂಡೇಟಿಗೆ ಹೆದರಿ ಯಾರೂ ಬರಲಿಲ್ಲ. ನಿನ್ನ ತಾಯಿಗೆ ಹೇಳು, ತಡವಾದರೂ ನಿನ್ನ ಮಗ ಬಂದ ಅಂತ."